ಕಲ್ಲಾದ ಹೃದಯ ಮೆತ್ತಗಾಗುವುದೆಂದರೇನು: ಎರೆ ಹೊಲದ ಬದುವಿನಿಂದ

ಗದಗ ಸೀಮೆಯ ಎರೆ ಹೊಲವನ್ನು, ಅಂದರೆ ಕಪ್ಪು ಮಣ್ಣಿನ ಹೊಲವನ್ನು, ಬೇಸಿಗೆಯ ಕೊನೆಯಲ್ಲಿ ನೋಡಿದವರಿಗೆ ಕಲ್ಲಾದ ನೆಲ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೊಣಕೈವರೆಗೆ ಕೈ ಇಳಿಯುವಷ್ಟು ಆಳದ ಬಿರುಕುಗಳು, ಹಾರೆ ಬಿದ್ದರೆ ಸದ್ದು ಮಾಡುವ ಹೆಂಟೆಗಳು, ಬರಿಗಾಲಿನಲ್ಲಿ ನಡೆದರೆ ಅಂಗಾಲು ಕುಯ್ಯುವ ಅಂಚುಗಳು. ಅದೇ ನೆಲ, ರೋಹಿಣಿಯ ಮಳೆ ಒಂದೆರಡು ದಿನ ಚೆನ್ನಾಗಿ ಬಿದ್ದು ಆಮೇಲೆ ಬಿಸಿಲು ಕಂಡಾಗ, ಬೆರಳ ನಡುವೆ ಹಿಸುಕಿದರೆ ಕುಸಿಯುವಷ್ಟು ಮೃದುವಾಗಿ ಬೀಜಕ್ಕೆ ಕಾದುಕೊಂಡಿರುತ್ತದೆ. ಯಾರೂ ಬೇರೆ ಮಣ್ಣನ್ನು ತಂದು ಹಾಕಿಲ್ಲ, ಹೊಲದ ಗುರುತೂ ಬದಲಾಗಿಲ್ಲ. ಆದರೂ ನಿನ್ನೆ ಬೀಜವನ್ನು ಒಳಗೆ ಬಿಟ್ಟುಕೊಳ್ಳದಿದ್ದ ನೆಲ ಇಂದು ಬಿಟ್ಟುಕೊಳ್ಳುತ್ತದೆ. ಹುಬ್ಬಳ್ಳಿಯ ಕ್ರೈಸ್ತ ಸಭೆಯೊಂದರಲ್ಲಿ ಬೆಳೆದ ನನಗೆ ‘ನೂತನ ಹೃದಯ’ ಎಂಬ ಮಾತು ಭಾನುವಾರದ ಶಾಲೆಯ ದಿನಗಳಿಂದಲೂ ಕಿವಿಗೆ ಬೀಳುತ್ತಿತ್ತು. ಪ್ರಾರ್ಥನೆಯಲ್ಲಿ ಅದನ್ನು ಸಾವಿರ ಸಲ ನಾನೂ ಉಚ್ಚರಿಸಿದ್ದೇನೆ. ಆದರೆ ಅದರ ಅರ್ಥವನ್ನು ನಾನು ತಪ್ಪಾಗಿ ಹಿಡಿದಿದ್ದೆ ಎಂಬುದು ಗೊತ್ತಾಗಲು ನಲವತ್ತು ದಾಟಬೇಕಾಯಿತು. ಅದೇ ತಪ್ಪನ್ನು ನಮ್ಮ ಸಭೆಗಳಲ್ಲಿ ಬಹಳ ಮಂದಿ ಮಾಡುವುದನ್ನು ಕಂಡು, ಈ ಮಾತನ್ನು ಬುಡದಿಂದ ಬಿಡಿಸಿ ನೋಡಬೇಕೆನಿಸಿ ಬರೆಯುತ್ತಿದ್ದೇನೆ.

ಮೊದಲು ‘ಹೃದಯ’ ಎಂಬ ಪದವನ್ನೇ ನೋಡಬೇಕು. ಇಂದಿನ ಕನ್ನಡದಲ್ಲಿ ಹೃದಯ ಎಂದರೆ ಭಾವನೆ. ಬುದ್ಧಿ ಒಂದು ಹೇಳಿದರೆ ಹೃದಯ ಇನ್ನೊಂದು ಹೇಳಿತು ಎನ್ನುತ್ತೇವೆ. ಸತ್ಯವೇದದ (ಬೈಬಲಿನ) ಹಳೆಯ ಒಡಂಬಡಿಕೆಯಲ್ಲಿ ಬರುವ ಹೀಬ್ರೂ ಪದ ‘ಲೇವ್’ ಹಾಗಲ್ಲ. ಯೋಚಿಸುವುದು, ನೆನಪಿಡುವುದು, ತೀರ್ಮಾನಿಸುವುದು, ಹಟ ಹಿಡಿಯುವುದು, ಭಯಪಡುವುದು, ಆಶೆಪಡುವುದು, ಇವೆಲ್ಲವೂ ಲೇವ್‌ನ ಕೆಲಸಗಳು. ಆದ್ದರಿಂದಲೇ ನಮ್ಮ ಕನ್ನಡ ಅನುವಾದದಲ್ಲಿ ಅದು ಸಂದರ್ಭಕ್ಕೆ ತಕ್ಕಂತೆ ಒಮ್ಮೆ ಹೃದಯವಾಗಿ, ಒಮ್ಮೆ ಮನಸ್ಸಾಗಿ ಬರುತ್ತದೆ. ಹೀಬ್ರೂ ಜನರಿಗೆ ಕರಗುವ ಭಾವದ ತಾಣ ಹೆಚ್ಚಾಗಿ ಹೊಟ್ಟೆಯ ಭಾಗದಲ್ಲಿತ್ತು. ಸುವಾರ್ತೆಗಳಲ್ಲಿ ಯೇಸು ಜನರನ್ನು ಕಂಡು ಕನಿಕರಪಟ್ಟನು ಎನ್ನುವ ಕಡೆ ಇರುವ ಗ್ರೀಕ್ ಕ್ರಿಯಾಪದವೂ ‘ಕರುಳು’ ಎಂಬರ್ಥದ ಪದದಿಂದಲೇ ಹುಟ್ಟಿದ್ದು. ‘ಕರುಳು ಚುರುಕ್ ಎಂದಿತು’ ಎನ್ನುವ ನಮ್ಮ ಅಜ್ಜಿಯರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಹಾಗಾದರೆ ಹೃದಯ ನೂತನವಾಗುವುದು ಎಂದರೆ ಭಾವನೆ ಉಕ್ಕುವುದು ಎಂದಷ್ಟೇ ಅಲ್ಲ. ಮನುಷ್ಯ ಒಳಗೊಳಗೆ ಯಾವುದನ್ನು ನೆಚ್ಚಿ ಬದುಕುತ್ತಾನೋ, ಯಾವುದಕ್ಕಾಗಿ ನಿರ್ಧಾರ ಮಾಡುತ್ತಾನೋ, ಯಾರ ಮಾತಿಗೆ ಕಿವಿಗೊಡುತ್ತಾನೋ, ಆ ಒಳಗಿನ ಗದ್ದುಗೆಯೇ ಬೇರೆಯವರ ಕೈಗೆ ಹೋಗುವುದು ಎಂದರ್ಥ.

ಈ ಮಾತಿನ ಬೇರು ಇರುವುದು ಪ್ರವಾದಿಯಾದ ಯೆಹೆಜ್ಕೇಲನ ಗ್ರಂಥದ 36ನೇ ಅಧ್ಯಾಯದಲ್ಲಿ. ಯೆಹೆಜ್ಕೇಲನು ಸೆರೆಯಾಗಿ ಬಾಬೆಲಿನ ದೇಶಕ್ಕೆ ಹೋದವನು. ಕೆಬಾರ್ ನದಿಯ ದಂಡೆಯಲ್ಲಿ ಇದ್ದ ಸೆರೆಯವರ ನಡುವೆ ಪ್ರವಾದಿಸಿದವನು. ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮು ಬಿದ್ದು ದೇವಾಲಯ ಸುಟ್ಟುಹೋಯಿತು. ಹೊಲ, ಮನೆ, ಗುಡಿ, ಅರಸು ಎಲ್ಲವನ್ನೂ ಕಳೆದುಕೊಂಡ ಜನರಿಗೆ ದೇವರು ಆ ಪ್ರವಾದಿಯ ಬಾಯಿಂದ ಹೇಳಿಸಿದ್ದು, ನಿಮ್ಮೊಳಗಿನಿಂದ ಕಲ್ಲಾದ ಹೃದಯವನ್ನು ತೆಗೆದು ಮೃದುವಾದ ಹೃದಯವನ್ನು ಕೊಡುತ್ತೇನೆ, ನನ್ನ ಆತ್ಮವನ್ನೇ ನಿಮ್ಮೊಳಗೆ ಇಡುತ್ತೇನೆ ಎಂದು. ಮೂಲದಲ್ಲಿ ಮೃದುವಾದ ಹೃದಯ ಎಂಬಲ್ಲಿ ‘ಮಾಂಸದ ಹೃದಯ’ ಎಂದಿದೆ. ಅಪೊಸ್ತಲನಾದ ಪೌಲನು ಸಭೆಗಳಿಗೆ ಬರೆದ ಪತ್ರಿಕೆಗಳಲ್ಲಿ ‘ಮಾಂಸ’ ಅಥವಾ ‘ಶರೀರಭಾವ’ ಎಂಬುದು ಪಾಪದ ಒಲವನ್ನು ಸೂಚಿಸುವುದರಿಂದ ಕೆಲವರಿಗೆ ಇಲ್ಲಿ ಗೊಂದಲವಾಗುತ್ತದೆ. ಯೆಹೆಜ್ಕೇಲನಲ್ಲಿ ಅದಕ್ಕೆ ಅಂಥ ಅರ್ಥವಿಲ್ಲ. ಕಲ್ಲಿಗೆ ಎದುರಾಗಿ ಜೀವವಿರುವುದು, ಮುಟ್ಟಿದರೆ ತಿಳಿಯುವುದು, ಚುಚ್ಚಿದರೆ ನೋಯುವುದು ಎಂದಷ್ಟೇ ಅರ್ಥ. ನೋಯಬಲ್ಲ ಹೃದಯವೇ ವರದಾನ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಅದೇ ಅಧ್ಯಾಯದಲ್ಲಿ ದೇವರು, ಇದನ್ನು ನಾನು ನಿಮ್ಮ ಸಲುವಾಗಿ ಮಾಡುತ್ತಿಲ್ಲ, ನನ್ನ ಪರಿಶುದ್ಧ ನಾಮದ ನಿಮಿತ್ತ ಮಾಡುತ್ತೇನೆ ಎಂದೂ ಸ್ಪಷ್ಟವಾಗಿ ಹೇಳಿದ್ದಾನೆ. ಮೊದಲ ಓದಿಗೆ ಈ ಮಾತು ಬಿರುಸಾಗಿ ಕೇಳುತ್ತದೆ. ಆದರೆ ಯೋಗ್ಯತೆಯೆಲ್ಲ ಮುಗಿದುಹೋದವರಿಗೆ ಇದಕ್ಕಿಂತ ದೊಡ್ಡ ಸಾಂತ್ವನ ಇರಲಾರದು, ಏಕೆಂದರೆ ಅವರ ಯೋಗ್ಯತೆಯ ಮೇಲೆ ನಿಲ್ಲದ ಮಾತು ಅವರ ಅಯೋಗ್ಯತೆಯಿಂದ ಬೀಳುವುದೂ ಇಲ್ಲ.

ಇಷ್ಟಾದರೆ ವಿಷಯ ಸರಳ. ಆದರೆ ಇದೇ ಯೆಹೆಜ್ಕೇಲನು 18ನೇ ಅಧ್ಯಾಯದಲ್ಲಿ, ಹೊಸ ಹೃದಯವನ್ನು ನೀವೇ ಮಾಡಿಕೊಳ್ಳಿರಿ, ಏಕೆ ಸಾಯಬೇಕು ಎಂದು ಜನರನ್ನು ಗದರಿಸುತ್ತಾನೆ. ಒಂದು ಕಡೆ ‘ನೀವೇ ಮಾಡಿಕೊಳ್ಳಿರಿ’, ಇನ್ನೊಂದು ಕಡೆ ‘ನಾನು ಕೊಡುತ್ತೇನೆ’. ಧರ್ಮೋಪದೇಶಕಾಂಡದಲ್ಲಿಯೂ ಇದೇ ಜೋಡಿ ಸಿಗುತ್ತದೆ: ನಿಮ್ಮ ಹೃದಯಕ್ಕೆ ಸುನ್ನತಿಮಾಡಿಕೊಳ್ಳಿರಿ ಎಂಬ ಆಜ್ಞೆ 10ನೇ ಅಧ್ಯಾಯದಲ್ಲಿ, ದೇವರೇ ನಿಮ್ಮ ಹೃದಯಕ್ಕೆ ಸುನ್ನತಿಮಾಡುವನು ಎಂಬ ವಾಗ್ದಾನ 30ನೆಯದರಲ್ಲಿ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯದ ಆರಂಭದಲ್ಲಿ ಮನಸ್ಸು ನೂತನವಾಗುವುದರ ಮೂಲಕ ಮಾರ್ಪಾಟು ಹೊಂದಿರಿ ಎನ್ನುವಾಗ ಬಳಸಿದ ಗ್ರೀಕ್ ಕ್ರಿಯಾಪದದ ರೂಪವೇ ವಿಶೇಷವಾದದ್ದು; ಅದು ಆಜ್ಞಾರ್ಥಕವೂ ಹೌದು, ಕರ್ಮಣಿಯೂ ಹೌದು. ಅಂದರೆ ‘ಬದಲಾಯಿಸಿಕೊಳ್ಳಿರಿ’ ಎಂದಲ್ಲ, ‘ಬದಲಾಯಿಸಲ್ಪಡಿರಿ’ ಎಂದು. ಕನ್ನಡದಲ್ಲಿ ಇಂಥ ವಾಕ್ಯ ಬಾಯಿಗೆ ಹಿಡಿಯುವುದಿಲ್ಲ, ಆದ್ದರಿಂದ ಅನುವಾದದಲ್ಲಿ ಅದರ ಮೊನೆ ಸ್ವಲ್ಪ ಮೊಂಡಾಗುತ್ತದೆ. ಬೇರೊಬ್ಬರು ಮಾಡಬೇಕಾದ ಕೆಲಸವನ್ನು ನಮಗೆ ಆಜ್ಞೆಯಾಗಿ ಕೊಡುವುದು ಹೇಗೆ?

ಪುಸ್ತಕಗಳಲ್ಲಿ ಇದಕ್ಕೆ ದೀರ್ಘವಾದ ಉತ್ತರಗಳಿವೆ. ನನಗೆ ಅದನ್ನು ತಿಳಿಸಿಕೊಟ್ಟದ್ದು ‘ಹದ’ ಎಂಬ ನಮ್ಮ ಒಕ್ಕಲುತನದ ಮಾತು. ಎರೆ ಹೊಲದಲ್ಲಿ ಹದ ಬರಿಸುವುದು ರೈತನ ಕೈಯಲ್ಲಿಲ್ಲ. ಒಣಗಿದ ಎರೆಯಲ್ಲಿ ಕುಂಟೆ ಇಳಿಯುವುದಿಲ್ಲ, ಎತ್ತುಗಳು ಬಳಲಿ ನಿಲ್ಲುತ್ತವೆ. ಹಸಿಯಾದ ಎರೆಯಲ್ಲಿ ಹೊಕ್ಕರೆ ಕಾಲಿಗೆ ಮಣ್ಣು ಮೆತ್ತಿ, ಉತ್ತದ್ದೆಲ್ಲ ಹೆಂಟೆಯಾಗಿ ಕೂರುತ್ತದೆ. ಮಳೆ ಬರಬೇಕು, ನೀರು ಒಳಗಿಳಿಯಬೇಕು, ಮೇಲ್ಮೈ ಆರಬೇಕು, ಆಗ ಎರಡು ಮೂರು ದಿನ ಮಾತ್ರ ನೆಲ ಹದವಾಗಿರುತ್ತದೆ. ಆ ಎರಡು ಮೂರು ದಿನಗಳಲ್ಲಿ ಹೊಲಕ್ಕೆ ಹೋಗದ ರೈತ ಮಳೆಯನ್ನು ದೂರುವಂತಿಲ್ಲ. ಮಳೆ ಬರಿಸಲಾರದವನು ಹರಗಬಲ್ಲ. ಹರಗದಿದ್ದರೆ ಬಂದ ಮಳೆಯೂ ಬರಿದೇ ಹೋಗುತ್ತದೆ. ಯೆರೆಮೀಯನೂ ಹೋಶೇಯನೂ ಬೀಳು ಬಿದ್ದ ನೆಲವನ್ನು ಗೆಯ್ಯಿರಿ ಎಂದು ಹೃದಯವನ್ನು ಕುರಿತೇ ಕರೆ ಕೊಟ್ಟಿದ್ದಾರೆ, ಮತ್ತು ಹೋಶೇಯನು ಅದೇ ವಾಕ್ಯದಲ್ಲಿ ನೀತಿಯ ಮಳೆಯನ್ನು ಸುರಿಸುವವನು ಕರ್ತನು ಎಂದೂ ಸೇರಿಸಿದ್ದಾನೆ. ಪೌಲನು ಫಿಲಿಪ್ಪಿಯವರಿಗೆ, ಭಯದಿಂದ ನಡುಗುವವರಾಗಿ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿರಿ, ಏಕೆಂದರೆ ನಿಮ್ಮಲ್ಲಿ ಉದ್ದೇಶವನ್ನೂ ಕಾರ್ಯವನ್ನೂ ಉಂಟುಮಾಡುವವನು ದೇವರೇ ಎಂಬರ್ಥದಲ್ಲಿ ಬರೆದದ್ದೂ ಇದನ್ನೇ. ಆ ‘ಏಕೆಂದರೆ’ ಎಂಬ ಪದವನ್ನು ‘ಆದರೆ’ ಎಂದು ಓದುವವರು ಎರಡು ದಾರಿಗಳಲ್ಲಿ ಒಂದನ್ನು ಹಿಡಿದು ಎಡವುತ್ತಾರೆ: ಎಲ್ಲವನ್ನೂ ತಾವೇ ಮಾಡಲು ಹೊರಟು ಬಸವಳಿಯುತ್ತಾರೆ, ಇಲ್ಲವೆ ಎಲ್ಲವನ್ನೂ ದೇವರ ಮೇಲೆ ಹಾಕಿ ಸುಮ್ಮನೆ ಕೂರುತ್ತಾರೆ.

ದಾವೀದನ ಪ್ರಾರ್ಥನೆ ಎಂದು ನಾವು ಓದುವ 51ನೇ ಕೀರ್ತನೆಯಲ್ಲಿ ಒಂದು ಸೂಕ್ಷ್ಮವಿದೆ. ಬತ್ಷೆಬೆಯ ವಿಷಯದಲ್ಲಿ ಪಾಪಮಾಡಿ, ಅವಳ ಗಂಡನನ್ನು ಯುದ್ಧದಲ್ಲಿ ಸಾಯಿಸಿ, ಪ್ರವಾದಿಯಾದ ನಾತಾನನು ಬಂದು ಮುಖಕ್ಕೆ ಹೇಳುವವರೆಗೂ ಅರಸನು ಸುಖವಾಗಿಯೇ ಇದ್ದನು. ಆಮೇಲೆ ಅವನು ಶುದ್ಧಹೃದಯವನ್ನು ನನ್ನಲ್ಲಿ ಸೃಷ್ಟಿಸು ಎಂದು ಬೇಡಿಕೊಂಡಾಗ ಬಳಸಿದ ಹೀಬ್ರೂ ಕ್ರಿಯಾಪದ ‘ಬಾರಾ’. ಆದಿಯಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಸೃಷ್ಟಿಸಿದನು ಎಂಬ ಮೊದಲ ವಾಕ್ಯದಲ್ಲಿರುವ ಪದವೇ ಅದು. ಆ ರೂಪದಲ್ಲಿ ಅದಕ್ಕೆ ದೇವರೇ ಕರ್ತೃವಾಗಿರುತ್ತಾನೆ. ಹೃದಯವನ್ನು ತೊಳೆ, ತಿದ್ದು, ರಿಪೇರಿ ಮಾಡು ಎನ್ನುವುದು ದಾವೀದನಿಗೆ ಸಾಲಲಿಲ್ಲ. ಅವನು ಕೇಳಿಕೊಂಡದ್ದು ಸೃಷ್ಟಿಯನ್ನು.

ಇಲ್ಲಿ ಇನ್ನೊಂದು ಗಂಟನ್ನು ಬಿಡಿಸಬೇಕು. ಹೊಸದಾಗಿ ಹುಟ್ಟುವುದು ಮತ್ತು ದಿನದಿನ ನೂತನವಾಗುವುದು ಒಂದೇ ಅಲ್ಲ, ಆದರೆ ಒಂದನ್ನೊಂದು ಬಿಟ್ಟಿರುವುದೂ ಇಲ್ಲ. ಯೋಹಾನನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ರಾತ್ರಿವೇಳೆ ಯೇಸುವಿನ ಬಳಿಗೆ ಬಂದ ನಿಕೊದೇಮನಿಗೆ ಯೇಸು ಹೇಳಿದ ‘ಆನೊಥೆನ್’ ಎಂಬ ಪದಕ್ಕೆ ‘ಮತ್ತೊಮ್ಮೆ’ ಎಂದೂ ‘ಮೇಲಿನಿಂದ’ ಎಂದೂ ಎರಡರ್ಥ. ನಿಕೊದೇಮನು ಮೊದಲನೆಯದನ್ನು ಮಾತ್ರ ಹಿಡಿದು, ಮುದುಕನು ತಾಯಿಯ ಗರ್ಭವನ್ನು ಮತ್ತೆ ಸೇರುವುದು ಹೇಗೆ ಎಂದು ಕೇಳಿದನು. ಕನ್ನಡದಲ್ಲಿ ನಮಗೆ ಇನ್ನೊಂದು ತೊಡಕಿದೆ. ‘ಪುನರ್ಜನ್ಮ’ ಎಂದ ಕೂಡಲೇ ನಮ್ಮ ನಾಡಿನಲ್ಲಿ ಸತ್ತ ಮೇಲೆ ಮತ್ತೊಂದು ದೇಹ ಪಡೆಯುವುದು ಎಂಬ ಅರ್ಥವೇ ಮೊದಲು ಬರುತ್ತದೆ; ನೆರೆಮನೆಯ ಗೆಳೆಯರಿಗೆ ನಂಬಿಕೆಯನ್ನು ವಿವರಿಸುವಾಗ ನಾನು ಆ ಪದವನ್ನು ಬಳಸುವುದನ್ನೇ ಬಿಟ್ಟಿದ್ದೇನೆ. ಯೇಸು ಹೇಳಿದ ಹುಟ್ಟು ಈ ಬದುಕಿನಲ್ಲೇ, ಪವಿತ್ರಾತ್ಮನಿಂದ, ಮೇಲಿನಿಂದ ಆಗುವಂಥದ್ದು. ಮಗು ಒಮ್ಮೆ ಹುಟ್ಟುತ್ತದೆ, ಪ್ರತಿದಿನ ಹುಟ್ಟುವುದಿಲ್ಲ. ಆದರೆ ಹುಟ್ಟಿದ್ದು ಪ್ರತಿದಿನ ಉಸಿರಾಡಬೇಕು, ಉಣ್ಣಬೇಕು, ಬೆಳೆಯಬೇಕು. ತೀತನಿಗೆ ಬರೆದ ಪತ್ರಿಕೆಯ 3ನೇ ಅಧ್ಯಾಯ ಹೊಸ ಹುಟ್ಟನ್ನೂ ಪವಿತ್ರಾತ್ಮನು ಮಾಡುವ ನೂತನೀಕರಣವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಾದರೋ 5ನೇ ಅಧ್ಯಾಯದಲ್ಲಿ ಕ್ರಿಸ್ತನಲ್ಲಿರುವವನು ಆಗಲೇ ನೂತನ ಸೃಷ್ಟಿಯಾಗಿದ್ದಾನೆ ಎಂದು ಸಾರುವ ಮುಂಚೆ, 4ನೇ ಅಧ್ಯಾಯದಲ್ಲಿ ನಮ್ಮ ಒಳಗಿನ ಮನುಷ್ಯನು ದಿನೇದಿನೇ ನೂತನವಾಗುತ್ತಾ ಬರುತ್ತಾನೆ ಎನ್ನುತ್ತದೆ. ಆಗಿಹೋದದ್ದೂ ಆಗುತ್ತಾ ಇರುವುದೂ ಎರಡೂ ನಿಜ.

ಇತಿಹಾಸದಲ್ಲಿ ಸಭೆ ಈ ಎರಡರಲ್ಲಿ ಒಂದನ್ನು ಮರೆತಾಗಲೆಲ್ಲ ಯಾರಾದರೊಬ್ಬರು ಎದ್ದು ಅದನ್ನು ನೆನಪಿಸಿದ್ದಾರೆ. 1517ರಲ್ಲಿ ಮಾರ್ಟಿನ್ ಲೂಥರ್ ಮುಂದಿಟ್ಟ 95 ವಾದಾಂಶಗಳಲ್ಲಿ ಮೊದಲನೆಯದೇ, ವಿಶ್ವಾಸಿಯ ಇಡೀ ಬದುಕು ಪಶ್ಚಾತ್ತಾಪವಾಗಿರಬೇಕೆಂಬುದು ಕ್ರಿಸ್ತನ ಇಚ್ಛೆ ಎನ್ನುತ್ತದೆ. 1675ರಲ್ಲಿ ಜರ್ಮನಿಯ ಫಿಲಿಪ್ ಯಾಕೋಬ್ ಸ್ಪೇನರ್, ಸರಿಯಾದ ಸಿದ್ಧಾಂತವಿದ್ದೂ ಒಳಗೆ ತಣ್ಣಗಾದ ಸಭೆಯನ್ನು ಕಂಡು ನೊಂದು, ಜನರು ಸಣ್ಣ ಗುಂಪುಗಳಲ್ಲಿ ಕೂತು ಸತ್ಯವೇದ ಓದಬೇಕೆಂದು ಬರೆದರು. ಆ ಚಳವಳಿಗೆ ಪಯಟಿಸಂ ಎಂಬ ಹೆಸರು ಬಿತ್ತು. ಅದರ ನೀರಿನಲ್ಲೇ ಬೆಳೆದದ್ದು 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್‌ನವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, ಅನಂತರ ಗದಗಿನ ಬೆಟಗೇರಿಯಲ್ಲಿ ನೆಲೆಯೂರಿದರು. ನಮ್ಮಲ್ಲಿ ಅವರನ್ನು ಶಾಲೆ, ಆಸ್ಪತ್ರೆ, ಕಿಟೆಲ್ ಅವರ 1894ರ ಕನ್ನಡ ನಿಘಂಟು, ಇವುಗಳ ಮೂಲಕ ನೆನೆಯುತ್ತೇವೆ, ನೆನೆಯಬೇಕಾದದ್ದೇ. ಆದರೆ ಅವರು ದೂರದ ವ್ಯೂರ್ಟೆಂಬರ್ಗಿನ ಹಳ್ಳಿಗಳಿಂದ ಹೊತ್ತು ತಂದ ಮುಖ್ಯ ಪ್ರಶ್ನೆ, ಹೆಸರಿಗೆ ಕ್ರೈಸ್ತನಾಗಿರುವವನ ಹೃದಯ ನಿಜಕ್ಕೂ ತಿರುಗಿದೆಯೇ ಎಂಬುದು. ಇಂದಿಗೂ ನಮ್ಮ ಮನೆಗಳಲ್ಲಿ ನಡೆಯುವ ವಾರದ ಪ್ರಾರ್ಥನಾ ಕೂಟಕ್ಕೆ ಆ ಪ್ರಶ್ನೆಯೇ ತಾಯಿ.

ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಂಡ ರೀತಿ ನನ್ನನ್ನು ಬಹಳ ಕಾಡಿದೆ. ಅವರು 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಕ್ರೈಸ್ತಧರ್ಮವನ್ನು ಕಂಡುಕೊಂಡಿದ್ದೆ, ಆ ಧರ್ಮದ ಜೀವವಾದ ಕ್ರಿಸ್ತನನ್ನು ಇನ್ನೂ ಕಂಡುಕೊಂಡಿರಲಿಲ್ಲ ಎಂಬ ಅರ್ಥದ ಮಾತನ್ನು ಅವರು ತಮ್ಮ ನಂಬಿಕೆಯ ಸಾಕ್ಷಿಯ ಬರಹದಲ್ಲಿ ಯಾವ ಮುಚ್ಚುಮರೆಯೂ ಇಲ್ಲದೆ ದಾಖಲಿಸಿದ್ದಾರೆ. ಸಂಸ್ಕೃತದ ವಿದ್ವತ್ತು, ವಿಧವೆಯರ ಸೇವೆ, ದೇಶದೇಶಗಳ ಗೌರವ ಎಲ್ಲವೂ ಇದ್ದವರು ಹಾಗೆ ಬರೆಯಬಲ್ಲರಾದರೆ, ಭಾನುವಾರ ತಪ್ಪದೆ ಆರಾಧನೆಗೆ ಹೋಗುವ ನಮ್ಮಂಥವರು ಆ ಪ್ರಶ್ನೆಯಿಂದ ನುಣುಚಿಕೊಳ್ಳಲಾಗದು.

ಆದರೆ ಇದೇ ಪ್ರಶ್ನೆಯನ್ನು ತಪ್ಪಾಗಿ ಕೇಳಿದರೆ ದೊಡ್ಡ ಹಾನಿಯಾಗುತ್ತದೆ. ಉಜ್ಜೀವನ ಕೂಟಗಳಲ್ಲಿ ಕಣ್ಣೀರು ಬಂದವರಿಗೆ ಹೃದಯ ಕರಗಿತು, ಬಾರದವರದು ಇನ್ನೂ ಕಲ್ಲು ಎಂದು ಅಳೆಯುವ ರೂಢಿ ಕೆಲವು ಕಡೆ ಇದೆ. ನಾನು ಕೂಟಗಳನ್ನು ಅಲ್ಲಗಳೆಯುವವನಲ್ಲ. ಅಂಥ ಒಂದು ರಾತ್ರಿಯಲ್ಲಿ ಕುಡಿತ ಬಿಟ್ಟು ಮತ್ತೆ ಮುಟ್ಟದವರನ್ನು ಬಲ್ಲೆ. ಮೆಥಡಿಸ್ಟ್ ಚಳವಳಿಯ ಮೂಲಪುರುಷ ಜಾನ್ ವೆಸ್ಲಿಯವರು 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಸಣ್ಣ ಕೂಟದಲ್ಲಿ ತಮ್ಮ ಎದೆ ವಿಚಿತ್ರವಾಗಿ ಬೆಚ್ಚಗಾಯಿತೆಂದು ದಿನಚರಿಯಲ್ಲಿ ಬರೆದುಕೊಂಡದ್ದೂ ಸುಳ್ಳಲ್ಲ. ಆದರೆ ಆ ಬೆಚ್ಚನೆಯ ಭಾವವೇ ನೂತನ ಹೃದಯವಲ್ಲ, ಅದು ಕೆಲವರಿಗೆ ಕೆಲವೊಮ್ಮೆ ಸಿಗುವ ಗುರುತು. ಕೀರ್ತನೆಗಳಲ್ಲಿ ಮೂರರಲ್ಲೊಂದರಷ್ಟು ಭಾಗ ಗೋಳಾಟವೇ ಆಗಿದೆ. ದೇವರೇ, ಎಲ್ಲಿದ್ದೀ ಎಂದು ಕೂಗಿದವರ ಹೃದಯ ಕಲ್ಲಾಗಿತ್ತೆಂದು ಸತ್ಯವೇದ ಎಲ್ಲಿಯೂ ಹೇಳುವುದಿಲ್ಲ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ತಿಂಗಳುಗಟ್ಟಲೆ ನಿದ್ದೆಯಿಲ್ಲದೆ, ಹಸಿವಿಲ್ಲದೆ, ಪ್ರಾರ್ಥಿಸಲೂ ಬಾಯಿ ಬಾರದೆ ಕುಳಿತಿರುವವರಿಗೆ ನಿನ್ನ ನಂಬಿಕೆ ಕಡಿಮೆಯಾಗಿದೆ ಎನ್ನುವುದು ಗಾಯದ ಮೇಲೆ ಕಲ್ಲೆಸೆದಂತೆ. ಖಿನ್ನತೆ ಒಂದು ಕಾಯಿಲೆ. ಅದಕ್ಕೆ ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯದ ಆಸ್ಪತ್ರೆಗಳಲ್ಲಿ ವೈದ್ಯರಿದ್ದಾರೆ, ಔಷಧಿಯಿದೆ. ಅವರ ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋಗುವುದೇ ಆ ಹೊತ್ತಿಗೆ ಸಭೆಯ ಸೇವೆ.

ಹಾಗಾದರೆ ಕಲ್ಲು ಯಾವುದು? ಸತ್ಯವೇದದಲ್ಲಿ ಕಠಿಣ ಹೃದಯ ಎಂದರೆ ದುಃಖಿಸುವ ಹೃದಯವಲ್ಲ, ಸೋತ ಹೃದಯವೂ ಅಲ್ಲ. ಮಾತು ಕೇಳಿಸಿದರೂ ಒಳಗೆ ಬಿಟ್ಟುಕೊಳ್ಳದ ಹೃದಯ. ಐಗುಪ್ತದ ಅರಸ ಫರೋಹನದು ಅಂಥದ್ದು. ನನ್ನದೂ ಒಂಬತ್ತು ವರ್ಷ ಅಂಥದ್ದೇ ಆಗಿತ್ತು.

ನಮ್ಮ ತಂದೆಯ ಕೊನೆಯ ಕಾಯಿಲೆ ಹದಿನಾಲ್ಕು ತಿಂಗಳು ನಡೆಯಿತು. ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದ ನಾನು ಖರ್ಚು ನೋಡಿಕೊಂಡೆ. ಗದಗಿನ ಹತ್ತಿರದ ಊರಿನಲ್ಲಿ ಹೊಲ ಮಾಡುತ್ತಿದ್ದ ಅಣ್ಣ ತನ್ನ ಪಾಲು ಕೊಡುತ್ತೇನೆಂದವನು ಕೊಡಲಿಲ್ಲ. ನಾನು ನೀಲಿ ರಟ್ಟಿನ ಒಂದು ನೋಟ್‌ಬುಕ್ ಇಟ್ಟಿದ್ದೆ. ಪ್ರತಿ ಚೀಟಿಯನ್ನು ಗುಂಡುಸೂಜಿಯಿಂದ ಚುಚ್ಚಿ, ತಾರೀಖು ಹಾಕಿ, ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ಮೊತ್ತ ಬರೆಯುತ್ತಿದ್ದೆ. ಆಟೋದ ಬಾಡಿಗೆ ಇತ್ತು, ಎಳನೀರಿನ ಹಣ ಇತ್ತು. ತಂದೆ ತೀರಿಕೊಂಡ ಮೇಲೆ ಕೊನೆಯ ಮೊತ್ತದ ಕೆಳಗೆ ಎರಡು ಗೆರೆ ಎಳೆದು ಅದನ್ನು ಕಪಾಟಿನಲ್ಲಿಟ್ಟೆ. ಆಮೇಲೆ ಬದುವಿನ ಜಗಳ ಅದಕ್ಕೆ ಸೇರಿತು, ಮಾತು ನಿಂತಿತು. ಆ ಒಂಬತ್ತು ವರ್ಷವೂ ನಾನು ಮನೆಕೂಟದಲ್ಲಿ ವಾಕ್ಯ ವಿವರಿಸುತ್ತಿದ್ದೆ, ಉಪವಾಸ ಮಾಡುತ್ತಿದ್ದೆ, ಹಾಡುವಾಗ ಕಣ್ಣು ತುಂಬಿ ಬರುತ್ತಿತ್ತು. ಕಣ್ಣೀರಿಗೇನೂ ಕೊರತೆಯಿರಲಿಲ್ಲ.

ಒಂದು ದಿನ ಕೂಟಕ್ಕಾಗಿ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 13ನೇ ಅಧ್ಯಾಯವನ್ನು ಸಿದ್ಧಪಡಿಸಿಕೊಳ್ಳುತ್ತಿದ್ದಾಗ, ಪ್ರೀತಿ ಅಪಕಾರವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದಿಲ್ಲ ಎಂಬ ವಾಕ್ಯದ ಮೂಲ ಪದ ಲೆಕ್ಕಪತ್ರದ ಪದವೆಂದು ಓದಿದೆ. ವ್ಯಾಪಾರಿಗಳು ಸಾಲವನ್ನು ಒಬ್ಬನ ಖಾತೆಗೆ ಬರೆದಿಡುವುದಕ್ಕೆ ಬಳಸುತ್ತಿದ್ದ ಪದ ಅದು. ಪ್ರೀತಿ ಖಾತೆ ಬರೆಯುವುದಿಲ್ಲ ಎಂದು ಅರ್ಥ. ನಾನು ಕುಳಿತಿದ್ದ ಕುರ್ಚಿಯಿಂದ ಕಪಾಟು ಮೂರು ಹೆಜ್ಜೆ ದೂರವಿತ್ತು. ಮರು ಭಾನುವಾರ ಕರ್ತನ ಭೋಜನವಿತ್ತು, ಅಂದರೆ ಕ್ರಿಸ್ತನ ನೆನಪಿಗೆ ಎಲ್ಲರೂ ಒಂದೇ ಮೇಜಿನಿಂದ ರೊಟ್ಟಿ, ದ್ರಾಕ್ಷಾರಸ ಪಡೆಯುವ ಆರಾಧನೆ. ನಿಜವಾಗಿ ಪಶ್ಚಾತ್ತಾಪಪಟ್ಟು ನೆರೆಯವರೊಡನೆ ಪ್ರೀತಿ ಸಮಾಧಾನದಿಂದಿರುವವರು ಹತ್ತಿರ ಬನ್ನಿರಿ ಎಂದು ಸಭಾಪಾಲಕರು ಎಂದಿನಂತೆ ಕರೆದರು. ಆ ಮಾತನ್ನು ನೂರಾರು ಸಲ ಕೇಳಿದ್ದೆ. ಅಂದು ಮೊದಲ ಸಲ ಅದು ಒಳಗಿಳಿಯಿತು. ನಾನು ಮೇಜಿನ ಬಳಿಗೆ ಹೋಗಲಿಲ್ಲ, ಎದ್ದು ಹೊರಗೆ ಬಂದು ಗದಗಿನ ಬಸ್ಸು ಹತ್ತಿದೆ. ಬಲಿಪೀಠದ ಮುಂದೆ ಕಾಣಿಕೆಯನ್ನು ಬಿಟ್ಟು ಮೊದಲು ಸಹೋದರನ ಸಂಗಡ ಸಮಾಧಾನವಾಗು ಎಂದು ಮತ್ತಾಯನ 5ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದರಲ್ಲಿ ಗೂಢಾರ್ಥವೇನೂ ಇಲ್ಲ.

ಅಣ್ಣ ಹೊಲದಲ್ಲಿದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಲೆಕ್ಕ ಇಟ್ಟದ್ದು ನನ್ನ ತಪ್ಪು ಎಂದಷ್ಟೇ ಹೇಳಿದೆ. ಅವನು ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ, ತಾನು ಮಾಡಿದ್ದು ತಪ್ಪೆಂದೂ ಹೇಳಲಿಲ್ಲ. ಬಹಳ ಹೊತ್ತು ಬದುವಿನ ಮೇಲೆ ಕುಳಿತು, “ಉಂಡು ಹೋಗು” ಎಂದ. ರೊಟ್ಟಿ, ಬದನೆಕಾಯಿ ಎಣಗಾಯಿ, ಮೊಸರು ಉಂಡು ಸಂಜೆಯ ಬಸ್ಸಿಗೆ ಹಿಂದಿರುಗಿದೆ. ಅಂದು ನನ್ನ ಎದೆ ಬೆಚ್ಚಗಾಗಲಿಲ್ಲ. ಹಗುರವಾಯಿತು ಎಂದೂ ಹೇಳಲಾರೆ. ಆದರೆ ದೇವರ ಮಾತು ಒಳಗೆ ಹೋಗಿ ಕಾಲನ್ನು ನಡೆಸಿತ್ತು, ಮತ್ತು ಅದನ್ನು ನಾನು ನಡೆಸಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಒಂಬತ್ತು ವರ್ಷ ನನ್ನ ಕೈಯಲ್ಲಿ ಅದು ಆಗಿರಲಿಲ್ಲ.

ಮಳೆ ಕೃಪೆಯದಾದರೆ ಹರಗುವುದು ಯಾವುದು ಎಂಬ ಪ್ರಶ್ನೆಗೆ ಸಭೆಯ ಉತ್ತರ ಬಹಳ ಹಳೆಯದು: ವಾಕ್ಯವನ್ನು ಓದುವುದು, ಪ್ರಾರ್ಥಿಸುವುದು, ಪಾಪವನ್ನು ಒಪ್ಪಿಕೊಳ್ಳುವುದು, ಕರ್ತನ ಮೇಜಿಗೆ ಬರುವುದು. ಇವು ಹೃದಯವನ್ನು ಹೊಸದು ಮಾಡುವ ಯಂತ್ರಗಳಲ್ಲ, ಮಳೆ ಬಿದ್ದಾಗ ಒಳಗಿಳಿಯಲು ದಾರಿ ಮಾಡಿಕೊಡುವ ಸಾಧನಗಳು. ಇವುಗಳಲ್ಲಿ ಪ್ರಾಟೆಸ್ಟಂಟ್ ಸಭೆಯವರಾದ ನಾವು ತಪ್ಪೊಪ್ಪಿಗೆಯನ್ನು ಎಲ್ಲಕ್ಕಿಂತ ಸಡಿಲವಾಗಿ ಹಿಡಿದಿದ್ದೇವೆ ಎಂದು ನನ್ನ ಅಭಿಪ್ರಾಯ. ಎಲ್ಲರೂ ಒಟ್ಟಾಗಿ ಪಾಪಿಗಳಾಗಿದ್ದೇವೆ ಎಂದು ಹೇಳುವುದು ಸುಲಭ. ನೋಟ್‌ಬುಕ್‌ನ ಬಣ್ಣ ಹೇಳುವುದು ಕಷ್ಟ. ಕಥೋಲಿಕ ಸಹೋದರರು ಬೂದಿ ಬುಧವಾರದಿಂದ ತೊಡಗುವ ತಪಸ್ಸುಕಾಲದಲ್ಲಿ ಗುರುಗಳ ಮುಂದೆ ಹೆಸರಿಟ್ಟು ಹೇಳುವ ಪದ್ಧತಿಯನ್ನು ಉಳಿಸಿಕೊಂಡಿದ್ದಾರೆ. ನಮಗೆ ಆ ವಿಧಿ ಇಲ್ಲದಿದ್ದರೂ, ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿಕೊಂಡು ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿರಿ ಎಂಬ ಯಾಕೋಬನ ಮಾತು ನಮ್ಮ ಸತ್ಯವೇದದಲ್ಲೂ ಇದೆ. ಬಟ್ಟೆಯನ್ನಲ್ಲ, ಹೃದಯವನ್ನು ಹರಿದುಕೊಳ್ಳಿರಿ ಎಂದು ಯೋವೇಲನು ಹೇಳಿದ್ದೂ ಇದೆ. ಅಂತರಂಗ ಶುದ್ಧಿಯ ಮಾತು ವಚನಗಳ ಈ ನಾಡಿಗೆ ಹೊಸದಲ್ಲ. ಕ್ರೈಸ್ತ ನಂಬಿಕೆ ಅದಕ್ಕೆ ಸೇರಿಸುವುದೇನೆಂದರೆ, ಆ ಶುದ್ಧಿಯನ್ನು ಕ್ರಿಸ್ತನು ತನ್ನ ಶಿಲುಬೆಯಿಂದ ಕೊಂಡು ಉಚಿತವಾಗಿ ಕೊಡುತ್ತಾನೆ ಎಂಬುದನ್ನು.

ಕೊಟ್ಟದ್ದು ಪೂರ್ಣವಾದರೂ ಅದು ಬದುಕಿನ ಎಲ್ಲ ಮೂಲೆಗಳಿಗೆ ತಲುಪಲು ಕಾಲ ಹಿಡಿಯುತ್ತದೆ. ಪಂಚಾಶತ್ತಮ ದಿನದಲ್ಲಿ ಪವಿತ್ರಾತ್ಮಭರಿತನಾದ ಪೇತ್ರನು ಎಷ್ಟೋ ವರ್ಷಗಳ ಮೇಲೆ ಅಂತಿಯೋಕ್ಯದಲ್ಲಿ ಅನ್ಯಜನರ ಸಂಗಡ ಉಣ್ಣುತ್ತಿದ್ದವನು, ಯೆರೂಸಲೇಮಿನಿಂದ ಕೆಲವರು ಬಂದ ಕೂಡಲೇ ಹೆದರಿ ಬೇರೆ ಪಂಕ್ತಿಗೆ ಸರಿದನು. ಪೌಲನು ಅವನನ್ನು ಎಲ್ಲರ ಮುಂದೆ ತಡೆದದ್ದನ್ನು ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಓದುತ್ತೇವೆ. ಈ ಭಾಗವನ್ನು ಓದುವಾಗ ನಮ್ಮ ಸಭೆಗಳ ನೆನಪಾಗದೆ ಇರದು. ಬಾಸೆಲ್ ಮಿಷನ್‌ನವರು ಸಭೆಯೊಳಗೆ ಜಾತಿಯನ್ನು ಒಪ್ಪಿಕೊಳ್ಳಲಿಲ್ಲ, ಒಂದೇ ಪಂಕ್ತಿಯ ಊಟವನ್ನು ಪಟ್ಟುಹಿಡಿದು ಕೇಳಿದರು. ಆದರೂ ಒಂದೇ ಪಾತ್ರೆಯಿಂದ ಕುಡಿದು ಬಂದವರು ಮಕ್ಕಳ ಮದುವೆಯ ಮಾತು ಬಂದಾಗ ಯಾವ ಮನೆತನದವರು, ಮೊದಲು ಏನಾಗಿದ್ದವರು ಎಂದು ಪಿಸುಗುಟ್ಟಿ ವಿಚಾರಿಸುವುದುಂಟು. ಹೃದಯದ ಆ ಮೂಲೆಗೆ ಮಳೆ ಇನ್ನೂ ಇಳಿದಿಲ್ಲ. ಅದನ್ನು ಒಪ್ಪಿಕೊಳ್ಳದೆ ನೂತನ ಹೃದಯದ ಹಾಡನ್ನು ಗಟ್ಟಿಯಾಗಿ ಹಾಡುವುದರಿಂದ ಏನೂ ಆಗುವುದಿಲ್ಲ.

ಎಫೆಸದವರಿಗೆ 4ನೇ ಅಧ್ಯಾಯದಲ್ಲಿ ಪೌಲನು ಹಳೆಯ ಮನುಷ್ಯನನ್ನು ತೆಗೆದಿಡುವುದು, ಮನಸ್ಸಿನ ಆತ್ಮದಲ್ಲಿ ನೂತನವಾಗುವುದು, ಹೊಸ ಮನುಷ್ಯನನ್ನು ಧರಿಸಿಕೊಳ್ಳುವುದು ಎಂದು ಮೂರು ಹೇಳುತ್ತಾನೆ. ಅವುಗಳಲ್ಲಿ ನಡುವಿನದು ಮೂಲಭಾಷೆಯಲ್ಲಿ ಎಡೆಬಿಡದೆ ನಡೆಯುತ್ತಿರುವ ಕ್ರಿಯೆ. ಅಣ್ಣನ ಬಳಿಗೆ ಹೋಗಿ ಬಂದ ಮೂರು ತಿಂಗಳಿಗೆ ಆ ಭಾಗದಲ್ಲಿ ಹೊಲದ ಬೆಲೆ ಏರಿದೆಯೆಂದು ಯಾರೋ ಹೇಳಿದರು. ಅಂದು ರಾತ್ರಿ ನಾನು ಹಾಸಿಗೆಯಲ್ಲಿ ಬಾಯಿಲೆಕ್ಕ ಹಾಕುತ್ತಿದ್ದೆ. ಕೆಂಪು ಶಾಯಿಯ ಮೊತ್ತ ಪೈಸೆ ತಪ್ಪದೆ ನೆನಪಿತ್ತು. ಹೋದದ್ದು ಸುಳ್ಳಾಯಿತೇ ಎಂದು ಮೊದಲು ಕುಗ್ಗಿದೆ. ಆಮೇಲೆ ತಿಳಿಯಿತು: ಮೊದಲಾಗಿದ್ದರೆ ಆ ಲೆಕ್ಕ ನನಗೆ ನ್ಯಾಯವೆಂದು ತೋರುತ್ತಿತ್ತು, ಈಗ ಅದು ನನ್ನನ್ನು ನೋಯಿಸುತ್ತಿತ್ತು. ಎದ್ದು ದೀಪ ಹಾಕಿ, ಅದನ್ನು ದೇವರ ಮುಂದೆ ಹೆಸರಿಟ್ಟು ಹೇಳಿದೆ. ಇಂಥ ರಾತ್ರಿಗಳು ಆಮೇಲೆಯೂ ಬಂದಿವೆ.

ಕಳೆದ ವರ್ಷ ರೋಹಿಣಿ ಮಳೆಯಾದ ನಾಲ್ಕನೆಯ ದಿನ ಅಣ್ಣನಿಂದ ಫೋನ್ ಬಂತು. “ಹದಾ ಬಂದೈತಿ, ಬರ್ತಿಯೇನು?” ಎಂದ. ನಾನು ಹೋದಾಗ ಅವನು ಜಗಳದ ಬದುವಿನ ಬುಡದಲ್ಲಿ ಕರಿಕಿ ಹುಲ್ಲು ಅಗೆಯುತ್ತಿದ್ದ. ಎರೆ ನೆಲದ ಕರಿಕಿಯನ್ನು ಮೇಲೆ ಹೆರೆದರೆ ವಾರಕ್ಕೆ ಮತ್ತೆ ಚಿಗುರುತ್ತದೆ. ಬೇರಿನ ಗೆಣ್ಣು ಒಂದು ಉಳಿದರೂ ಸಾಕು. ಅವನೊಂದು ಕಡೆ ನಾನೊಂದು ಕಡೆ ನಿಂತು ಮಧ್ಯಾಹ್ನದವರೆಗೆ ಅಗೆದೆವು, ಬಿಳಿ ಬೇರುಗಳನ್ನು ಹೆಕ್ಕಿ ಬದುವಿನ ಮೇಲೆ ಬಿಸಿಲಿಗೆ ಹಾಕಿದೆವು. ಎರಡು ಮೊಳ ಇಳಿದ ಮೇಲೂ ಬೇರು ಇನ್ನೂ ಕೆಳಗೆ ಹೋಗಿತ್ತು. ಅಣ್ಣ ಬೆವರು ಒರೆಸಿಕೊಂಡು ಗುದ್ದಲಿಯನ್ನು ನನ್ನ ಕೈಗೆ ಕೊಟ್ಟ.